‘ಫ್ರೆಂಡ್’ ಅನ್ನುವ ಒಂದು ಪದದ ಬೆನ್ನು ಹತ್ತಿ: ‘ಬ್ರೈಡ್ ಆಫ್ ಫ್ರಾಂಕನ್‌ಸ್ಟೈನ್’ ಅಧ್ಯಯನ ಟಿಪ್ಪಣಿ

ಈ ಚಿತ್ರವನ್ನು ಮೊದಲ ಸಲ ನೋಡುತ್ತ ಟಿಪ್ಪಣಿ ಮಾಡಿಕೊಳ್ಳುವಾಗ ಆ ದೈತ್ಯನನ್ನು ‘ಅದು’ ಎಂದೇ ಬರೆಯುತ್ತಿದ್ದೆ. ಅದು ಎದ್ದು ಬಂತು, ಅದು ಕೊಂದಿತು, ಅದು ಓಡಿತು. ಕಾಡಿನ ನಡುವಿನ ಕುರುಡ ಮುದುಕನ ಗುಡಿಸಲಿನ ದೃಶ್ಯ ಮುಗಿದ ಮೇಲೆ ಹಾಳೆ ನೋಡಿದರೆ ‘ಅವನು ಅತ್ತ’ ಎಂದು ಬರೆದಿದ್ದೆ. ಯಾವಾಗ ಬದಲಾಯಿಸಿದೆನೋ ನನಗೇ ಗೊತ್ತಾಗಿರಲಿಲ್ಲ. ಕನ್ನಡದಲ್ಲಿ ಬರೆಯುವವರಿಗೆ ಇದೊಂದು ಅನುಕೂಲವೇ ಸರಿ, ಎದುರಿಗಿರುವುದು ‘ಅದು’ವೋ ‘ಅವನು’ವೋ ಎಂದು ಪ್ರತಿ ಕ್ರಿಯಾಪದದಲ್ಲೂ ತೀರ್ಮಾನ ಮಾಡಲೇಬೇಕು. ಆ ಬದಲಾವಣೆ ಹೇಗಾಯಿತು ಎಂದು ಹುಡುಕಲು ಚಿತ್ರವನ್ನು ಮತ್ತೆ ಮತ್ತೆ ನೋಡಿದೆ. ಒಂದೇ ಒಂದು ಪದವನ್ನು ಹಿಂಬಾಲಿಸಿದರೆ ಇಡೀ ಚಿತ್ರ ಬಿಚ್ಚಿಕೊಳ್ಳುತ್ತದೆ ಅನ್ನಿಸಿತು. ಆ ಪದ ‘ಫ್ರೆಂಡ್’. ಕೊನೆಯವರೆಗಿನ ಕಥೆಯನ್ನು ಇಲ್ಲಿ ಹೇಳಿದ್ದೇನೆ. ನೋಡದವರು ಮೊದಲು ನೋಡಿ ಬನ್ನಿ, ಬರೀ 75 ನಿಮಿಷದ ಚಿತ್ರ.

ಮೊದಲು ಬೇಕಾದಷ್ಟು ಹಿನ್ನೆಲೆ. ಯೂನಿವರ್ಸಲ್ ಕಂಪನಿಯ ‘ಫ್ರಾಂಕನ್‌ಸ್ಟೈನ್’ ಬಂದದ್ದು 1931ರಲ್ಲಿ, ಅದರ ಮುಂದುವರಿದ ಭಾಗವಾದ ‘ಬ್ರೈಡ್ ಆಫ್ ಫ್ರಾಂಕನ್‌ಸ್ಟೈನ್’ 1935ರಲ್ಲಿ. ಎರಡನ್ನೂ ನಿರ್ದೇಶಿಸಿದವರು ಜೇಮ್ಸ್ ವೇಲ್. ಎರಡರಲ್ಲೂ ದೈತ್ಯನಾಗಿ ನಟಿಸಿದವರು ಬೋರಿಸ್ ಕಾರ್ಲಾಫ್, ಹೆನ್ರಿ ಫ್ರಾಂಕನ್‌ಸ್ಟೈನ್ ಎಂಬ ವಿಜ್ಞಾನಿಯಾಗಿ ಕಾಲಿನ್ ಕ್ಲೈವ್. ಫ್ರಾಂಕನ್‌ಸ್ಟೈನ್ ಎಂಬುದು ಹೆಣಗಳ ಭಾಗಗಳನ್ನು ಜೋಡಿಸಿ ದೈತ್ಯನನ್ನು ಸೃಷ್ಟಿಸಿದವನ ಹೆಸರು. ಸೃಷ್ಟಿಯಾದವನಿಗೆ ಹೆಸರೇ ಇಲ್ಲ ಎನ್ನುವುದನ್ನು ನೆನಪಿಟ್ಟುಕೊಳ್ಳಿ. ಕಾರ್ಲಾಫ್ ಅವರ ಹುಟ್ಟುಹೆಸರು ವಿಲಿಯಂ ಹೆನ್ರಿ ಪ್ರಾಟ್. 1887ರಲ್ಲಿ ಲಂಡನ್‌ನಲ್ಲಿ ಹುಟ್ಟಿದರು. ತಂದೆ ಬ್ರಿಟಿಷ್ ಭಾರತದ ಉಪ್ಪಿನ ಇಲಾಖೆಯಲ್ಲಿ ಕೆಲಸ ಮಾಡಿದವರು, ವಂಶದಲ್ಲಿ ಭಾರತೀಯರೂ ಇದ್ದರು. ನಮ್ಮಲ್ಲಿ ಎಷ್ಟೋ ಜನರಿಗೆ ಈ ಸಂಬಂಧ ತಿಳಿದಿಲ್ಲ.

ಮೊದಲ ಭಾಗದಿಂದ ಒಂದು ದೃಶ್ಯ ಸಾಕು. ಕೆರೆಯ ದಡದಲ್ಲಿ ಮರಿಯಾ ಎಂಬ ಪುಟ್ಟ ಹುಡುಗಿ ಹೂಗಳನ್ನು ನೀರಿಗೆ ಎಸೆದು ತೇಲಿಸುತ್ತಾಳೆ, ದೈತ್ಯನಿಗೂ ಕೊಡುತ್ತಾಳೆ. ಹೂ ಮುಗಿದಾಗ, ಅವಳೂ ಹೂವಿನಂತೆ ತೇಲುತ್ತಾಳೆ ಎಂದುಕೊಂಡು ಇವನು ಅವಳನ್ನೇ ನೀರಿಗೆ ಎಸೆದುಬಿಡುತ್ತಾನೆ. ಆ ಎಸೆಯುವ ಭಾಗವನ್ನು ಕತ್ತರಿಸಿದ ಪ್ರತಿಗಳೇ ಹಲವು ದಶಕಗಳ ಕಾಲ ಓಡಿದವು, 1980ರ ದಶಕದಲ್ಲಿ ಅದು ವಾಪಸ್ ಸೇರಿತು. ಕತ್ತರಿ ಹಾಕಿದ್ದರಿಂದ ಕ್ರೌರ್ಯ ಕಡಿಮೆಯಾಯಿತೇ? ಇಲ್ಲ, ಹೆಚ್ಚಾಯಿತು. ಇವನು ಕೈ ಚಾಚುತ್ತಾನೆ, ಆಮೇಲೆ ಹುಡುಗಿಯ ಹೆಣ ಕಾಣುತ್ತದೆ. ನಡುವೆ ಏನಾಯಿತೋ ಎಂಬುದನ್ನು ಪ್ರೇಕ್ಷಕರು ತಮ್ಮ ಕೆಟ್ಟ ಊಹೆಯಿಂದ ತುಂಬಿಕೊಂಡರು. ತಿಳಿಯದೆ ಮಾಡಿದ್ದು ಎಂಬ ಒಂದೇ ಸಾಕ್ಷಿಯನ್ನು ಕಿತ್ತುಹಾಕಿದಂತಾಯಿತು.

ಪೀಠಿಕೆಯ ಒಂದು ದೃಶ್ಯ ಬಿಟ್ಟರೆ ಎರಡನೆಯ ಭಾಗದ ಕಥೆ ಶುರುವಾಗುವುದು ಮೊದಲ ಭಾಗದ ಕೊನೆಯಲ್ಲಿ ಸುಟ್ಟುಹೋದ ಗಾಳಿಗಿರಣಿಯಲ್ಲಿ. ದೈತ್ಯ ಸತ್ತನೆಂದು ಊರು ನಂಬಿದೆ. ಮರಿಯಾಳ ತಂದೆ ಅವನ ಮೂಳೆ ನೋಡಿಯೇ ಹೋಗುತ್ತೇನೆಂದು ಇಳಿದು, ನೆಲಮಾಳಿಗೆಯ ನೀರಿಗೆ ಬಿದ್ದು, ಅವನ ಕೈಯಲ್ಲೇ ಸಾಯುತ್ತಾನೆ. ಬೆನ್ನಿಗೇ ತಾಯಿಯೂ ಸಾಯುತ್ತಾಳೆ. ಮಗಳನ್ನು ಕಳೆದುಕೊಂಡ ಗಂಡ ಹೆಂಡತಿ! ನಮ್ಮ ಅನುಕಂಪ ಬೇಡುವ ಪಾತ್ರವನ್ನು ಚಿತ್ರ ಹೀಗೆ ಎರಡು ಕೊಲೆಗಳಿಂದ ಪರಿಚಯಿಸುತ್ತದೆ. ಇದನ್ನು ಮರೆತು ಅವನನ್ನು ಬರೀ ಪಾಪದವನು ಎಂದು ಪರೀಕ್ಷೆಯಲ್ಲಿ ಬರೆದರೆ ಅರ್ಧ ಉತ್ತರ ಬರೆದಂತೆ.

ಆಮೇಲೆ ಕಾಡು. ಕೊಳದಲ್ಲಿ ತನ್ನ ಮುಖ ನೋಡಿ, ನೀರಿಗೆ ಹೊಡೆದು ಅದನ್ನು ಕಲಕಿಬಿಡುತ್ತಾನೆ. ಇವನನ್ನು ಕಂಡ ಬೆದರಿಕೆಗೆ ಕುರಿ ಕಾಯುವ ಹುಡುಗಿಯೊಬ್ಬಳು ನೀರಿಗೆ ಬೀಳುತ್ತಾಳೆ. ಮೊದಲ ಭಾಗದಲ್ಲಿ ಹುಡುಗಿಯನ್ನು ನೀರಿಗೆ ಎಸೆದವನು ಇಲ್ಲಿ ಹುಡುಗಿಯನ್ನು ನೀರಿನಿಂದ ಎತ್ತುತ್ತಾನೆ. ಕಲಿತಿದ್ದಾನೆ. ಆದರೆ ಅವಳ ಚೀರಾಟ ಕೇಳಿ ಗುಂಡು ಹಾರುತ್ತದೆ, ಜನ ಅಟ್ಟಿಸಿಕೊಂಡು ಬರುತ್ತಾರೆ, ಉದ್ದನೆಯ ಕಂಬಕ್ಕೆ ಕಟ್ಟಿ ಮೇಲೆತ್ತುತ್ತಾರೆ. ಶಿಲುಬೆಗೇರಿಸಿದ ಭಂಗಿಯನ್ನು ಆ ಶಾಟ್ ನೆನಪಿಸುತ್ತದೆ. ಇಷ್ಟಾದರೂ ನಾನು ಬರೆದುಕೊಂಡದ್ದು ‘ಅದು’ ಎಂದೇ. ಮರುಕ ಹುಟ್ಟಿತ್ತು, ಏಟು ತಿನ್ನುವ ಪ್ರಾಣಿಯ ಮೇಲೆ ಹುಟ್ಟುವಂಥ ಮರುಕ.

ಈಗ ಗುಡಿಸಲು. ಇಲ್ಲಿ ನಿಧಾನವಾಗಿ ನೋಡಬೇಕು.

ಒಳಗಿನಿಂದ ಪಿಟೀಲಿನ ದನಿ ಕೇಳುತ್ತದೆ, ಶುಬರ್ಟ್‌ನ ‘ಆವೆ ಮರಿಯಾ’. ಆ ದನಿಗೆ ಸೋತು ಇವನು ಬಾಗಿಲಿಗೆ ಬರುತ್ತಾನೆ. ಓ. ಪಿ. ಹೆಗಿ ನಟಿಸಿರುವ ಆ ಮುದುಕನಿಗೆ ಕಣ್ಣಿಲ್ಲ, ಹಾಗಾಗಿ ಹೆದರಲು ಕಾರಣವೂ ಇಲ್ಲ. ಬಂದವನು ಉತ್ತರ ಕೊಡದಿದ್ದಾಗ, ನನಗೆ ಕಣ್ಣು ಕಾಣದ ಹಾಗೆ ನಿನಗೆ ಮಾತು ಬರುವುದಿಲ್ಲವೇನೋ ಎಂದು ತಾನೇ ಅರ್ಥ ಮಾಡಿಕೊಳ್ಳುತ್ತಾನೆ. ಊಟ ಕೊಟ್ಟು, ಮಲಗಿಸಿ, ಒಂಟಿತನದಲ್ಲಿ ಒಬ್ಬ ಗೆಳೆಯನನ್ನು ಕಳಿಸಿದ್ದಕ್ಕೆ ದೇವರಿಗೆ ಕೈಮುಗಿದು ಅಳುತ್ತಾನೆ. ಮಲಗಿದ್ದವನ ಕೆನ್ನೆಯ ಮೇಲೂ ಕಣ್ಣೀರು. ಭಾರವಾದ ಆ ಕೈ ಮುದುಕನನ್ನು ಮೆಲ್ಲಗೆ ತಟ್ಟುತ್ತದೆ. ಪರದೆ ಕತ್ತಲಾಗುವಾಗ ಗೋಡೆಯ ಮೇಲಿನ ಶಿಲುಬೆ ಮಾತ್ರ ಕೊಂಚ ಹೊತ್ತು ಹೊಳೆಯುತ್ತ ಉಳಿಯುತ್ತದೆ. ಆ ಕೊನೆಯ ಹೊಳಪು ಬೇಕಿರಲಿಲ್ಲ ಎಂದು ನನ್ನ ಅನಿಸಿಕೆ. ತಟ್ಟುವ ಕೈಯೇ ಸಾಕಿತ್ತು.

ಕಾವ್ಯಮೀಮಾಂಸೆ ಓದಿದವರಿಗೆ ಇದನ್ನು ಬೇಗ ಹೇಳಬಹುದು. ಇಲ್ಲಿಯವರೆಗೆ ಅವನು ಊರವರ ಭಯಕ್ಕೆ ಆಲಂಬನ, ಅಂದರೆ ಬೇರೆಯವರ ಭಾವಕ್ಕೆ ಕಾರಣವಾಗುವ ವಸ್ತು. ಗುಡಿಸಲಿನಲ್ಲಿ ಅವನೇ ಆಶ್ರಯ, ಅಂದರೆ ಭಾವ ಹುಟ್ಟುವ ನೆಲೆ, ಭಾವ ಅವನೊಳಗೇ ಹುಟ್ಟುತ್ತದೆ. ಭಯಾನಕ ರಸದಿಂದ ಕರುಣ ರಸಕ್ಕೆ ದಾಟುವ ಸೇತುವೆ ಇದು. ನನ್ನ ಪೆನ್ನು ‘ಅವನು’ ಎಂದು ಬರೆದದ್ದೂ ಇಲ್ಲೇ.

ಮುಂದಿನದು ಪಾಠ. ಬ್ರೆಡ್ಡು, ವೈನು, ಸಿಗಾರು. ಯಾವುದು ಒಳ್ಳೆಯದು, ಯಾವುದು ಕೆಟ್ಟದ್ದು. ಒಂಟಿತನ ಕೆಟ್ಟದ್ದು, ಫ್ರೆಂಡ್ ಒಳ್ಳೆಯದು. ಮೊದಲ ಭಾಗದಲ್ಲಿ ಒಂದೂ ಮಾತಿಲ್ಲದ ಪಾತ್ರಕ್ಕೆ ಇಲ್ಲಿ ಮಾತು ಬಂತು. ಹತ್ತು ವರ್ಷದ ಮಕ್ಕಳ ಪರೀಕ್ಷೆಯ ಹಾಳೆಗಳನ್ನು ನೋಡಿ ಅವನಿಗೆ 44 ಸರಳ ಪದಗಳನ್ನು ಆರಿಸಿದರಂತೆ. ಕಾರ್ಲಾಫ್ ಅವರಿಗೆ ಇದು ಒಪ್ಪಿಗೆಯಿರಲಿಲ್ಲ, ಮಾತಾಡಿದರೆ ಪಾತ್ರ ಕೆಡುತ್ತದೆ ಎಂದೇ ಅವರು ನಂಬಿದ್ದರು. ಮುಖವೂ ಬದಲಾಯಿತು. ಮೊದಲ ಭಾಗದಲ್ಲಿ ಒಂದು ಕಡೆಯ ಕಟ್ಟಿಸಿದ ಹಲ್ಲುಗಳನ್ನು ತೆಗೆದಿಟ್ಟು ಕೆನ್ನೆ ಗುಳಿಬೀಳುವಂತೆ ಮಾಡಿಕೊಂಡಿದ್ದರು, ಈಗ ಮಾತಿಗೆ ಹಲ್ಲು ಬೇಕಾಯಿತು, ಕೆನ್ನೆ ತುಂಬಿಕೊಂಡಿತು. ಅವರ ಮೂಕಾಭಿನಯ ಎಷ್ಟು ದೊಡ್ಡದು ಎಂದು ಗೊತ್ತಿದ್ದೂ ಈ ವಿಷಯದಲ್ಲಿ ನಾನು ಅವರ ಪಕ್ಷ ಹಿಡಿಯಲಾರೆ. ಪದವಿಲ್ಲದಿದ್ದರೆ ಮುಂದೆ ಬರುವ ಮೋಸವೂ ಇಲ್ಲ, ನಿರಾಶೆಯೂ ಇಲ್ಲ.

ಈ ಚಿತ್ರಗಳಿಗೆ ಮೂಲವಾದ ಮೇರಿ ಶೆಲ್ಲಿಯ 1818ರ ಕಾದಂಬರಿಯಲ್ಲಿ ಅವನು ಮಹಾ ಮಾತುಗಾರ. ಒಂದು ಮನೆಯ ಪಕ್ಕ ಅಡಗಿ, ಅವರ ಮಾತು ಕದ್ದು ಕೇಳಿ ಭಾಷೆ ಕಲಿಯುತ್ತಾನೆ, ಮಿಲ್ಟನ್‌ನ ಮಹಾಕಾವ್ಯವನ್ನೇ ಓದುತ್ತಾನೆ. ಅಲ್ಲಿಯೂ ಒಬ್ಬ ಕುರುಡ ಮುದುಕನಿದ್ದಾನೆ, ಆದರೆ ಇಬ್ಬರ ಮಾತು ಕೆಲವೇ ಗಳಿಗೆಯದು. ಮನೆಯವರು ಬಂದು ಹೊಡೆದು ಓಡಿಸುತ್ತಾರೆ. ಚಿತ್ರದಲ್ಲಿ ಭಾಷೆ ಕದ್ದದ್ದಲ್ಲ, ಕೈಹಿಡಿದು ಕೊಟ್ಟದ್ದು. ಈ ವ್ಯತ್ಯಾಸವನ್ನು ಗುರುತು ಹಾಕಿಕೊಳ್ಳಿ.

ಇಲ್ಲಿ ಕನ್ನಡಕ್ಕೆ ತರುವವರಿಗೊಂದು ತೊಡಕು. ಸಬ್‌ಟೈಟಲ್ ಬರೆಯಲು ಕೂತಾಗ ನಾನು ‘ಗೆಳೆಯ’ ಎಂದು ಹಾಕಿದೆ. ಗುಡಿಸಲಿನಲ್ಲಿ ಚೆನ್ನಾಗಿಯೇ ಕೂತಿತು. ಆದರೆ ಇದೇ ಪದ ಮುಂದೆ ಒಬ್ಬ ಹೆಣ್ಣಿನ ಮುಂದೆ ಬರುತ್ತದೆ. ಅಲ್ಲಿ ‘ಗೆಳತಿ’ ಎನ್ನಬೇಕು, ಎಂದರೆ ದಾರ ಕಡಿಯಿತು. ಅವನಿಗೆ ಗೊತ್ತಿರುವುದು ಗಂಡು ಹೆಣ್ಣಿನ ಭೇದವಿಲ್ಲದ ಒಂದೇ ಪದ. ಹೆಂಡತಿ, ಪ್ರೇಯಸಿ ಎಂಬ ಮಾತುಗಳನ್ನು ಅವನಿಗೆ ಯಾರೂ ಕಲಿಸಿಲ್ಲ. ಮುದುಕ ಕೊಟ್ಟದ್ದನ್ನೇ ಅವನು ಆ ಹೆಣ್ಣಿನಲ್ಲೂ ಹುಡುಕುವುದು. ‘ಜೊತೆ’ ಎಂದು ಬರೆದು ನೋಡಿದೆ, ಅರ್ಥ ತುಂಬ ಹತ್ತಿರ, ಆದರೆ ಒಬ್ಬರ ಮುಖ ನೋಡಿ ‘ಜೊತೆ?’ ಎಂದು ಕೇಳುವುದು ನಮ್ಮ ಬಾಯಿಗೆ ಬರುವುದಿಲ್ಲ. ಕೊನೆಗೆ ‘ಫ್ರೆಂಡ್’ ಎಂದೇ ಬಿಟ್ಟೆ. ನಾವೆಲ್ಲ ದಿನವೂ ಆಡುವ ಪದ, ಲಿಂಗದ ಹಂಗಿಲ್ಲ.

ದಾರಿ ತಪ್ಪಿ ಬಂದ ಬೇಟೆಗಾರರು ಅವನನ್ನು ಗುರುತು ಹಿಡಿಯುತ್ತಾರೆ, ಗುಡಿಸಲು ಸುಡುತ್ತದೆ. ಓಡಿ ಸಮಾಧಿಯ ನೆಲಮಾಳಿಗೆ ಸೇರಿದರೆ ಅಲ್ಲಿ ಹೆನ್ರಿಯ ಹಳೆಯ ಗುರು ಡಾಕ್ಟರ್ ಪ್ರಿಟೋರಿಯಸ್ (ನಟ ಅರ್ನೆಸ್ಟ್ ಥೆಸಿಜರ್) ಹೆಣಗಳ ನಡುವೆ ಊಟಕ್ಕೆ ಕೂತಿದ್ದಾನೆ. ಅವನೂ ಇವನಿಗೆ ಊಟ, ಕುಡಿಯಲು, ಸಿಗಾರು ಕೊಡುತ್ತಾನೆ. ಗುಡಿಸಲಿನ ಆತಿಥ್ಯ ವಸ್ತುವಿಗೆ ವಸ್ತು ಮರುಕಳಿಸುತ್ತದೆ, ಹಾಗಾಗಿ ಇವನಿಗೆ ‘ಫ್ರೆಂಡ್’ ಎಂದೇ ಅನ್ನಿಸುತ್ತದೆ. ಸತ್ತವರನ್ನು ಪ್ರೀತಿಸುತ್ತೇನೆ, ಬದುಕಿರುವವರನ್ನು ದ್ವೇಷಿಸುತ್ತೇನೆ ಎಂದು ಇವನು ಹೇಳುವುದು ಇಲ್ಲೇ. ನಿನಗೊಬ್ಬ ಹೆಣ್ಣು, ಒಬ್ಬ ಫ್ರೆಂಡ್ ಎಂದು ಪ್ರಿಟೋರಿಯಸ್ ಆಸೆ ತೋರಿಸುತ್ತಾನೆ. ಮುದುಕ ಕೊಡುಗೆಯಾಗಿ ಕೊಟ್ಟ ಪದ ಇಲ್ಲಿ ಗಾಳಕ್ಕೆ ಸಿಕ್ಕಿಸಿದ ಎರೆ. ಆ ಆಸೆಗೇ ಇವನು ಹೆನ್ರಿಯ ಹೆಂಡತಿ ಎಲಿಜಬೆತ್‌ಳನ್ನು ಹೊತ್ತೊಯ್ಯುತ್ತಾನೆ, ಅವಳನ್ನು ಬಿಡಿಸಿಕೊಳ್ಳಲು ಹೆನ್ರಿ ಮತ್ತೆ ಪ್ರಯೋಗಕ್ಕೆ ಇಳಿದು ಹೆಣ್ಣೊಂದನ್ನು ಸೃಷ್ಟಿಸಬೇಕಾಗುತ್ತದೆ. ಪ್ರಿಟೋರಿಯಸ್‌ನ ಗಾಜಿನ ಜಾಡಿಗಳ ಪುಟ್ಟ ಮನುಷ್ಯರನ್ನೂ ಊರಿನ ಹಾಸ್ಯವನ್ನೂ ಬಿಟ್ಟು ಮುಂದೆ ಹೋಗುತ್ತೇನೆ, ನಮ್ಮ ಪದಕ್ಕೂ ಅದಕ್ಕೂ ಸಂಬಂಧವಿಲ್ಲ.

ಪ್ರಯೋಗಶಾಲೆ. ಇಲ್ಲಿ ಕಿವಿಯನ್ನೂ ತೆರೆದಿಡಿ. ಫ್ರಾಂಜ್ ವ್ಯಾಕ್ಸ್‌ಮನ್ ಅವರ ಸಂಗೀತದಲ್ಲಿ ಟಿಂಪನಿ ಎಂಬ ದೊಡ್ಡ ನಗಾರಿಯ ಬಡಿತವೇ ಹೃದಯದ ಬಡಿತವಾಗುತ್ತದೆ. ಬಿಳಿ ಬಟ್ಟೆಯ ಹೆಣ್ಣು ಎದ್ದು ನಿಂತಾಗ ಮದುವೆಯ ಗಂಟೆಗಳು ಮೊಳಗುತ್ತವೆ. ಅವಳ ಕೂದಲಿಗೆ ಈಜಿಪ್ಟಿನ ರಾಣಿ ನೆಫರ್ಟಿಟಿಯ ರೂಪ ಪ್ರೇರಣೆ. 1931ರಲ್ಲಿ ಹೆನ್ರಿ ಕೂಗಿದ್ದು ‘ಅದಕ್ಕೆ ಜೀವ ಬಂತು’ ಎಂದು. 1935ರಲ್ಲಿ ಕೂಗುವುದು ‘ಅವಳಿಗೆ ಜೀವ ಬಂತು’ ಎಂದು. ಇಂಗ್ಲಿಷಿನಲ್ಲೂ ಸರ್ವನಾಮ ಹೀಗೇ ಬದಲಾಗಿದೆ. ಮೊದಲನೆಯವನಿಗೆ ಹುಟ್ಟಿದ ಗಳಿಗೆಯಲ್ಲಿ ಸಿಗದ ಮರ್ಯಾದೆ ಅವಳಿಗೆ ಸಿಕ್ಕಿತು.

ಆದರೆ ಅಷ್ಟೇ ಸಿಕ್ಕಿದ್ದು. ಇವನು ಹತ್ತಿರ ಬಂದು ‘ಫ್ರೆಂಡ್?’ ಎನ್ನುತ್ತಾನೆ. ಅವಳು ಚೀರುತ್ತಾಳೆ. ಪಕ್ಕದಲ್ಲಿ ಕೂತು, ಅವಳ ಕೈ ಹಿಡಿದು ಮೆತ್ತಗೆ ತಟ್ಟುತ್ತಾನೆ. ಗುಡಿಸಲಿನಲ್ಲಿ ಮುದುಕನನ್ನು ತಟ್ಟಿದ ಅದೇ ಕೈ. ಅವಳು ಮತ್ತೆ ಚೀರುತ್ತಾಳೆ. ಬೇರೆಯವರಂತೆ ಇವಳೂ ನನ್ನನ್ನು ದ್ವೇಷಿಸುತ್ತಾಳೆ ಎಂದು ಇವನಿಗೆ ಅರ್ಥವಾಗುತ್ತದೆ.

ಇಲ್ಲಿ ಅವಳನ್ನು ಕಲ್ಲುಮನಸ್ಸಿನವಳು ಎಂದು ಬರೆದವರನ್ನು ಕಂಡಿದ್ದೇನೆ. ದಯವಿಟ್ಟು ಹಾಗೆ ಬರೆಯಬೇಡಿ. ಅವಳು ಹುಟ್ಟಿ ಕೆಲವೇ ನಿಮಿಷ. ನಿನಗಿದು ಬೇಕೇ ಎಂದು ಕೇಳಿದವರಿಲ್ಲ. ಇವನಿಗೆ 44 ಪದಗಳಿದ್ದವು, ಅವಳಿಗೆ ಒಂದೂ ಇಲ್ಲ. ಒಂದು ಗುಡಿಸಲಿಲ್ಲ, ಪಿಟೀಲಿಲ್ಲ, ಕೈಹಿಡಿದು ಕಲಿಸುವ ಮುದುಕನಿಲ್ಲ. ಇರುವುದು ಚೀರುವ, ಬುಸುಗುಟ್ಟುವ ದನಿ ಮಾತ್ರ. ಆ ಬುಸುಗುಟ್ಟುವಿಕೆಯನ್ನು ನಟಿ ಎಲ್ಸಾ ಲ್ಯಾಂಚೆಸ್ಟರ್ ಹಂಸಗಳಿಂದ ಕಲಿತರಂತೆ. ಮೊದಲ ಭಾಗದಲ್ಲಿ ಇವನಿದ್ದ ಜಾಗದಲ್ಲೇ ಈಗ ಅವಳಿದ್ದಾಳೆ.

ಇವನು ಹೆನ್ರಿ ಮತ್ತು ಎಲಿಜಬೆತ್‌ಳನ್ನು ಹೋಗಿ, ಬದುಕಿ ಎಂದು ಬಿಡುತ್ತಾನೆ. ಪ್ರಿಟೋರಿಯಸ್‌ನನ್ನು ಬಿಡುವುದಿಲ್ಲ. ನಾವು ಸತ್ತವರ ಜೊತೆ ಇರಬೇಕಾದವರು ಎಂದು ಹೇಳಿ, ಕಣ್ಣೀರು ಇಳಿಯುತ್ತಿರುವಾಗಲೇ ಪ್ರಯೋಗಶಾಲೆಯನ್ನೇ ಸ್ಫೋಟಿಸುವ ಸನ್ನೆಕೋಲನ್ನು ಎಳೆಯುತ್ತಾನೆ. ‘ನಾವು’ ಎಂದಾಗ ಅವಳನ್ನೂ ಸೇರಿಸಿಕೊಂಡ, ಈ ಸಲವೂ ಅವಳನ್ನು ಕೇಳದೆಯೇ. ಪ್ರಯೋಗಶಾಲೆ ಕುಸಿಯುವ ಶಾಟನ್ನು ನಿಲ್ಲಿಸಿ ನೋಡಿ, ಪಾರಾದ ಹೆನ್ರಿ ಒಳಗೇ ಕಾಣುತ್ತಾನೆ. ಅವನೂ ಸಾಯುವ ಹಾಗೆ ಮೊದಲು ಚಿತ್ರಿಸಿ, ಆಮೇಲೆ ಅಂತ್ಯ ಬದಲಾಯಿಸಿದ್ದರ ಗುರುತು ಅದು.

ನಟರ ಪಟ್ಟಿಯನ್ನೂ ಬಿಡದೆ ನೋಡಿ. 1931ರ ಆರಂಭದ ಪಟ್ಟಿಯಲ್ಲಿ ದೈತ್ಯನ ಪಾತ್ರದ ಎದುರು ನಟನ ಹೆಸರಿರಲಿಲ್ಲ, ಒಂದು ಪ್ರಶ್ನಾರ್ಥಕ ಚಿಹ್ನೆ ಇತ್ತು. ನಾಲ್ಕು ವರ್ಷದ ಮೇಲೆ ‘ಕಾರ್ಲಾಫ್’ ಎಂಬುದು ದಪ್ಪಕ್ಷರದಲ್ಲಿ ಬಂತು. ಲ್ಯಾಂಚೆಸ್ಟರ್ ಹೆಸರು ಆರಂಭದ ದೃಶ್ಯದಲ್ಲಿ ತಾನು ನಟಿಸಿದ ಮೇರಿ ಶೆಲ್ಲಿಯ ಎದುರಿಗಿದೆ. ದೈತ್ಯನ ಸಂಗಾತಿಯ ಎದುರು ಅದೇ ಪ್ರಶ್ನಾರ್ಥಕ ಚಿಹ್ನೆ, ಚಿತ್ರ ಮುಗಿದ ಮೇಲಿನ ಪಟ್ಟಿಯಲ್ಲೂ.