ಅರಾನ್ ದ್ವೀಪದ ಚಿತ್ರದಲ್ಲಿರುವವರು ಪೊಲೀಸರೋ, ಸೈನಿಕರೋ?

ಓದುಗರ ಪ್ರಶ್ನೆ: ಐರ್ಲೆಂಡಿನ ಪಶ್ಚಿಮ ಕರಾವಳಿಯಾಚೆಗಿನ ಅರಾನ್ ದ್ವೀಪಗಳ ಬಗ್ಗೆ ಐರಿಷ್ ಲೇಖಕ ಜೆ. ಎಂ. ಸಿಂಜ್ ಬರೆದ ‘ದಿ ಅರಾನ್ ಐಲೆಂಡ್ಸ್’ ಪುಸ್ತಕದಲ್ಲಿ ಬಾಡಿಗೆದಾರರನ್ನು ಒಕ್ಕಲೆಬ್ಬಿಸುವ ಪ್ರಸಂಗಕ್ಕೆ ಜಾಕ್ ಯೇಟ್ಸ್ ಚಿತ್ರ ಬರೆದಿದ್ದಾರೆ. ಹಳ್ಳಿ ಪೊಲೀಸರು ಸೇನೆಯವರಂತೆ ಕಾಣುವುದೇಕೆ?

ಅವರು ಪೊಲೀಸರೇ. ಆದರೂ ನಿಮ್ಮ ಅನುಮಾನದಲ್ಲಿ ಹುರುಳಿದೆ. ಅವರು ಬ್ರಿಟಿಷ್ ಆಳ್ವಿಕೆಯ ಐರ್ಲೆಂಡಿನ ಪೊಲೀಸ್ ಪಡೆಯಾದ ರಾಯಲ್ ಐರಿಷ್ ಕಾನ್‌ಸ್ಟ್ಯಾಬ್ಯುಲರಿಗೆ ಸೇರಿದವರು. 1836ರಲ್ಲಿ ಕಟ್ಟಿದ ಈ ಪಡೆಗೆ 1867ರಲ್ಲಿ ‘ರಾಯಲ್’ ಬಿರುದು ಬಂತು, 1922ರಲ್ಲಿ ಅದನ್ನು ವಿಸರ್ಜಿಸಲಾಯಿತು. ಡಬ್ಲಿನ್ ನಗರಕ್ಕೆ ಬೇರೆಯೇ ಪೊಲೀಸರಿದ್ದರು, ಅವರದು ನೀಲಿ ಉಡುಪು. ಹಳ್ಳಿಗಾಡಿನ ಈ ಪಡೆಯದು ಕಪ್ಪಿಗೆ ಹತ್ತಿರವಾದ ಕಡುಹಸಿರು. ಕೈಯಲ್ಲಿ ಬಂದೂಕು, ವಾಸ ಬ್ಯಾರಕ್ಕಿನಲ್ಲಿ, ತರಬೇತಿ ಡಬ್ಲಿನ್ನಿನ ಫೀನಿಕ್ಸ್ ಪಾರ್ಕ್ ಡಿಪೋದಲ್ಲಿ.

ಉಡುಪಿಗಿಂತ ಮುಖ್ಯವಾದದ್ದು ನಿಯಮ. ಪೇದೆಗೆ ಹುಟ್ಟಿದ ಕೌಂಟಿಯಲ್ಲಿ (ಜಿಲ್ಲೆಯಲ್ಲಿ) ಕೆಲಸವಿಲ್ಲ, ಹೆಂಡತಿಯ ಕೌಂಟಿಯಲ್ಲೂ ಇಲ್ಲ. ಮದುವೆಗೆ ಏಳು ವರ್ಷ ಸೇವೆಯಾಗಬೇಕು, ಮೇಲಿನವರ ಅನುಮತಿಯೂ ಬೇಕು. ಪೇದೆಗಳಲ್ಲಿ ಹೆಚ್ಚಿನವರು ಕ್ಯಾಥೊಲಿಕ್ಕರು, ಬಹಳಷ್ಟು ಮಂದಿ ರೈತರ ಮಕ್ಕಳು. ಆದರೂ ನಿಂತ ಊರಿನಲ್ಲಿ ಅವರು ಹೊರಗಿನವರಾಗಿಯೇ ಉಳಿಯಬೇಕಿತ್ತು. ಅರಾನ್ ದ್ವೀಪಗಳಲ್ಲಿ ಒಂದಾದ ಇನಿಶ್‌ಮಾನ್‌ನಲ್ಲಿ 1898ರಲ್ಲಿ ಸಿಂಜ್ ಕಂಡದ್ದು ಈ ದೂರವನ್ನೇ. ಬಿಸಿಲಿಗೆ ಬೆವೆತು ಏದುಸಿರು ಬಿಡುತ್ತ, ಅಂಗಿಯ ಗುಂಡಿ ಬಿಚ್ಚಿ ಬೇಲಿಯ ನೆರಳಿನಲ್ಲಿ ಬಿದ್ದುಕೊಂಡ ಪೊಲೀಸರನ್ನು ಅವರು ಕಡಲಹಕ್ಕಿಯಷ್ಟು ತಣ್ಣಗೆ ಓಡಾಡುವ ದ್ವೀಪದವರ ಪಕ್ಕದಲ್ಲಿಟ್ಟು ನೋಡುತ್ತಾರೆ. ಪೊಲೀಸರನ್ನು ಅವರು ಯಂತ್ರಗಳಂಥವರು ಎಂದೂ ಕರೆಯುತ್ತಾರೆ. ಆ ಮಾತು ಕಟುವಾದದ್ದು. ಯಂತ್ರದಂತೆ ಇರಲೆಂದೇ ಅವರನ್ನು ಹಾಗೆ ತಯಾರು ಮಾಡಲಾಗಿತ್ತು ಎಂಬುದನ್ನು ಓದುವವರು ಮರೆಯಬಾರದು.

1907ರ ಈ ಪುಸ್ತಕಕ್ಕೆ 12 ಚಿತ್ರ ಬರೆದ ಜಾಕ್ ಯೇಟ್ಸ್, ಕವಿ ಡಬ್ಲ್ಯೂ. ಬಿ. ಯೇಟ್ಸ್ ಅವರ ತಮ್ಮ. ಬೆಳೆದದ್ದು ಸ್ಲೈಗೋದಲ್ಲಿ, ಹಾಗಾಗಿ ಪಶ್ಚಿಮ ಐರ್ಲೆಂಡಿನ ಜನ ಅವರಿಗೆ ಚಿಕ್ಕಂದಿನಿಂದ ಪರಿಚಿತರು. 1905ರಲ್ಲಿ ಸಿಂಜ್ ಜೊತೆ ಆ ಭಾಗದ ಬಡ ಜಿಲ್ಲೆಗಳನ್ನು ಪತ್ರಿಕೆಯೊಂದಕ್ಕಾಗಿ ಸುತ್ತಿ ಬಂದಿದ್ದರು. ಮಸಿ ಗೆರೆಯ ಚಿತ್ರದಲ್ಲಿ ಕಡುಹಸಿರಿಗೆ ಪ್ರತ್ಯೇಕ ಜಾಗವಿಲ್ಲ: ಒಂದೋ ಗಟ್ಟಿ ಕಪ್ಪು, ಇಲ್ಲವೇ ಒತ್ತೊತ್ತಾಗಿ ಎಳೆದ ಅಡ್ಡಗೆರೆ. ಅಗ್ಗದ ಮರುಮುದ್ರಣಗಳಲ್ಲಿ, ಮಸುಕು ಸ್ಕ್ಯಾನ್‌ಗಳಲ್ಲಿ ಆ ಗೆರೆಗಳು ಕೂಡಿಕೊಂಡು ಬೆಲ್ಟು, ಗುಂಡಿ, ಬಂದೂಕಿನ ಪಟ್ಟಿ ಎಲ್ಲ ಮಾಯವಾಗುತ್ತವೆ. ಚಿತ್ರ ನೋಡಲು ಹಳೆಯ ಮುದ್ರಣದ ಒಳ್ಳೆಯ ಪ್ರತಿಯೇ ಬೇಕು.

ಇನ್ನೊಂದು ಗೊಂದಲವೂ ಸಾಮಾನ್ಯ. ಮನೆಯೊಳಗೆ ನುಗ್ಗಿ ಹಾಸಿಗೆ, ಪಾತ್ರೆ ಹೊರಗೆ ಹಾಕುತ್ತಿದ್ದವರು ಪೊಲೀಸರಲ್ಲ. ಜಮೀನುದಾರನ ಪರವಾಗಿ ಸಿಕ್ಕ ಆದೇಶವನ್ನು ಜಾರಿ ಮಾಡುವವನು ಶೆರಿಫ್, ಸಾಮಾನು ಎತ್ತುವವರು ಅವನ ಆಳುಗಳು. ಅವರ ಮೇಲೆ ಜನ ತಿರುಗಿ ಬೀಳದಂತೆ ಸುತ್ತುಗಟ್ಟಿ ಕಾಯುವುದು ಪೊಲೀಸರ ಪಾಲಿನ ಕೆಲಸ. ಒಕ್ಕಲೆಬ್ಬಿಸುವ ಯಾವುದೇ ಐರಿಷ್ ಚಿತ್ರ ನೋಡುವಾಗ ಸಮವಸ್ತ್ರದವರನ್ನೂ ಸಾದಾ ಬಟ್ಟೆಯವರನ್ನೂ ಬೇರೆ ಬೇರೆಯಾಗಿ ಗುರುತಿಸಿಕೊಳ್ಳಿ.

ನಮಗೂ ಈ ಪಡೆ ತೀರಾ ದೂರದ್ದಲ್ಲ. 1843ರಲ್ಲಿ ಸಿಂಧ್ ಗೆದ್ದ ಬ್ರಿಟಿಷ್ ಸೇನಾನಿ ಚಾರ್ಲ್ಸ್ ನೇಪಿಯರ್ ಅಲ್ಲಿ ಪೊಲೀಸ್ ವ್ಯವಸ್ಥೆ ಕಟ್ಟಿದ್ದು ಇದೇ ಐರಿಷ್ ಮಾದರಿಯಲ್ಲಿ. ಬ್ರಿಟಿಷ್ ಭಾರತದ 1861ರ ಪೊಲೀಸ್ ಕಾಯ್ದೆಯ ಹಿಂದೆಯೂ ಅದರ ನೆರಳಿದೆ.