ಬ್ರೈಟನ್ ಗುಡ್ಡದಲ್ಲಿ ಸಿಖ್ ಸೈನಿಕರಿಗೆ ನಮನ ಯಾಕೆ?

ಪ್ರಶ್ನೆ: ಇಂಗ್ಲೆಂಡಿನ ಬ್ರೈಟನ್ ಹತ್ತಿರ ಪ್ರತಿ ಜೂನ್‌ನಲ್ಲಿ ಸಿಖ್ ಸೈನಿಕರನ್ನು ನೆನೆದು ಹೂಮಾಲೆ ಇಡುತ್ತಾರಂತೆ. ಯುದ್ಧ ನಡೆದದ್ದು ಫ್ರಾನ್ಸಿನಲ್ಲಿ ಅಲ್ವಾ? ಅಲ್ಲಿ ಯಾಕೆ?

ಉತ್ತರ: ಮೊದಲ ಮಹಾಯುದ್ಧದಲ್ಲಿ ಅವರು ಗಾಯಗೊಂಡದ್ದು ಫ್ರಾನ್ಸ್, ಬೆಲ್ಜಿಯಂಗಳಲ್ಲೇ. ಚಿಕಿತ್ಸೆಗೆ ಕರೆತಂದದ್ದು ಬ್ರೈಟನ್‌ಗೆ. 1914ರ ಕೊನೆಗೆ ಅಲ್ಲಿನ ರಾಯಲ್ ಪೆವಿಲಿಯನ್ ಎಂಬ ಹಳೆಯ ಅರಮನೆಯನ್ನೇ ಭಾರತೀಯರ ಆಸ್ಪತ್ರೆ ಮಾಡಿದರು. ಧರ್ಮ, ಜಾತಿ ನೋಡಿಕೊಂಡು ಒಂಬತ್ತು ಅಡುಗೆಮನೆ. ಹಿಂದೂಗಳಿಗೂ ಮುಸ್ಲಿಮರಿಗೂ ಬೇರೆ ಬೇರೆ ನಲ್ಲಿ. ಸಿಖ್ಖರಿಗೆ ಹುಲ್ಲುಹಾಸಿನ ಮೇಲೆ ಡೇರೆಯಲ್ಲೊಂದು ಗುರುದ್ವಾರ! ಎಲ್ಲವೂ ಬರೀ ಪ್ರೀತಿಯಿಂದ ಮಾಡಿದ್ದಲ್ಲ ಬಿಡಿ. ಫೋಟೊ ತೆಗೆಸಿ, ಸೈನಿಕರನ್ನು ಎಷ್ಟು ಚೆನ್ನಾಗಿ ನೋಡಿಕೊಳ್ಳುತ್ತಿದ್ದೇವೆ ಎಂದು ಭಾರತಕ್ಕೆ ತೋರಿಸುವ ಲೆಕ್ಕಾಚಾರವೂ ಇತ್ತು. ಅದೇ ಸೈನಿಕರು ಮನಸ್ಸಿಗೆ ಬಂದಂತೆ ಊರೊಳಗೆ ತಿರುಗಾಡುವಂತಿರಲಿಲ್ಲ. ಆವರಣದ ಸುತ್ತ ಬೇಲಿ ಹಾಕಿದ್ದರು.

ಬದುಕುಳಿಯದವರನ್ನು ಊರಿಗೆ ಕಳಿಸುವ ಮಾತೇ ಇರಲಿಲ್ಲ. ಹಡಗಿನಲ್ಲಿ ವಾರಗಟ್ಟಲೆ ದಾರಿ. ಮುಸ್ಲಿಮರನ್ನು ವೋಕಿಂಗ್‌ನಲ್ಲಿ ಮಣ್ಣು ಮಾಡಿದರು. 53 ಮಂದಿ ಹಿಂದೂ ಮತ್ತು ಸಿಖ್ ಸೈನಿಕರಿಗೆ ಪ್ಯಾಚಮ್ ಊರಿನ ಮೇಲಿನ ಗುಡ್ಡದಲ್ಲಿ, ತೆರೆದ ಬಯಲಲ್ಲೇ ಚಿತೆ ಒಟ್ಟಿದರು. ಬೂದಿಯನ್ನು ಸಮುದ್ರಕ್ಕೆ ಬಿಟ್ಟರು. ಅಂದರೆ ಇದು ಸಿಖ್ಖರೊಬ್ಬರದೇ ಜಾಗವಲ್ಲ.

ಆ ಚಿತೆಗಳ ಜಾಗದಲ್ಲಿ ನಿಂತಿರುವುದೇ ‘ಛತ್ರಿ’ ಎಂಬ ಸ್ಮಾರಕ. ಎಂಟು ಕಂಬ, ಮೇಲೊಂದು ಗುಮ್ಮಟ, ಎಲ್ಲ ಬಿಳಿ ಅಮೃತಶಿಲೆ. 1921ರ ಫೆಬ್ರುವರಿ 1ರಂದು ಬ್ರಿಟನ್ನಿನ ಯುವರಾಜ ಅದನ್ನು ಅನಾವರಣ ಮಾಡಿದ. ಆಮೇಲೆ ಅದರ ಪಾಡು ಅಷ್ಟೇನೂ ಚೆನ್ನಾಗಿರಲಿಲ್ಲ. ಎರಡನೇ ಮಹಾಯುದ್ಧದಲ್ಲಿ ಸೇನೆ ಅಲ್ಲಿ ತರಬೇತಿ ನಡೆಸಿತು, ಕಲ್ಲಿಗೆ ಗುಂಡು ತಾಗಿ ಹಾಳಾಯಿತು. ರಿಪೇರಿಯಾದ ಮೇಲೆ, 1951ರಿಂದ ಬ್ರಿಟಿಷ್ ಲೀಜನ್ ಎಂಬ ಮಾಜಿ ಸೈನಿಕರ ಸಂಘ ವರ್ಷಕ್ಕೊಮ್ಮೆ ನಮನ ಸಲ್ಲಿಸತೊಡಗಿತು. 1999ರಲ್ಲಿ ಅದು ಕೈಬಿಟ್ಟಾಗ ಸ್ಥಳೀಯರೇ ಹೊಣೆ ಹೊತ್ತರು, ಸಿಖ್ಖರು ಅದರಲ್ಲಿ ಮುಂದೆ ನಿಂತರು. ಸಮಾರಂಭಕ್ಕೆ ‘ಸಿಖ್ಖರದ್ದು’ ಎಂಬ ಹೆಸರು ಅಂಟಿಕೊಳ್ಳಲು ಇದೂ ಒಂದು ಕಾರಣ ಎನಿಸುತ್ತದೆ.

ನನಗೆ ಕಸಿವಿಸಿಯಾಗುವುದು ಬೇರೆ ವಿಷಯಕ್ಕೆ. ಛತ್ರಿಯ ಮೇಲಿನ ಬರಹದಲ್ಲಿ ‘ಸೋದರ ಪ್ರೀತಿ’ಯ ಮಾತಿದೆ. ಆದರೆ ಸತ್ತವರಲ್ಲಿ ಒಬ್ಬರ ಹೆಸರೂ ಇರಲಿಲ್ಲ. ಹೆಸರುಗಳನ್ನು ಕೊರೆದ ಕಲ್ಲು ಪಕ್ಕದಲ್ಲಿ ಬಂದದ್ದು 2010ರಲ್ಲಿ.

ನೋಡಲು ಹೋಗುವವರು ಗಟ್ಟಿ ಶೂ ಹಾಕಿಕೊಳ್ಳಿ. ಅಲ್ಲಿಯವರೆಗೆ ಕಾರು ಹೋಗುವುದಿಲ್ಲ, ಗುಡ್ಡದ ಕಾಲುದಾರಿಯಲ್ಲಿ ನಡೆಯಬೇಕು.