ಮಗು ಹೇಳಿದ್ದೇ, ಹೇಳಿಸಿದ್ದೇ?

ಇಲಿಬೋನಿಗೆ ಬೆರಳು ಸಿಕ್ಕಿಕೊಂಡು, ಬಿಡಿಸಿಕೊಳ್ಳಲು ಆಸ್ಪತ್ರೆಗೆ ಹೋಗಿದ್ದೆಯಾ? ಅಮೆರಿಕದ ಮನೋವಿಜ್ಞಾನಿ ಸ್ಟೀಫನ್ ಸೆಸಿ ಮತ್ತು ಸಂಗಡಿಗರು 1990ರ ದಶಕದಲ್ಲಿ ಪುಟ್ಟ ಮಕ್ಕಳನ್ನು ವಾರವಾರವೂ ಹೀಗೆ ಕೇಳಿದರು. ಅಂಥದ್ದೇನೂ ನಡೆದಿರಲಿಲ್ಲ. ಮೊದಲ ವಾರ ಇಲ್ಲವೆಂದಿದ್ದ ನಾಲ್ಕು ವರ್ಷದ ಹುಡುಗನೊಬ್ಬ ಕೊನೆಗೆ ಇಡೀ ಕಥೆಯನ್ನೇ ಹೇಳಿದ: ಅಣ್ಣ ಆಟಿಕೆ ಕಿತ್ತುಕೊಳ್ಳಲು ಬಂದ, ಕೊಡದಿದ್ದಾಗ ಸೌದೆ ರಾಶಿಗೆ ತಳ್ಳಿದ, ಅಲ್ಲಿದ್ದ ಬೋನಿಗೆ ಬೆರಳು ಸಿಕ್ಕಿತು, ಆಸ್ಪತ್ರೆ ದೂರವಿದ್ದುದರಿಂದ ವ್ಯಾನಿನಲ್ಲಿ ಹೋದೆವು, ಡಾಕ್ಟರು ಈ ಬೆರಳಿಗೇ ಪಟ್ಟಿ ಕಟ್ಟಿದರು. ಇಂಥ ವಿಡಿಯೊಗಳನ್ನು ನೋಡಿದ ಮನೋವಿಜ್ಞಾನಿಗಳಿಗೂ ಯಾವುದು ನಿಜ, ಯಾವುದು ಕಲ್ಪಿತ ಎಂದು ಗುರುತಿಸಲಾಗಲಿಲ್ಲ.

ಆ ಹುಡುಗ ಸುಳ್ಳುಗಾರನಲ್ಲ. ಒಂದು ಚಿತ್ರ ಮನಸ್ಸಿಗೆ ಬಂದದ್ದು ಕಂಡದ್ದರಿಂದಲೋ, ಕೇಳಿದ್ದರಿಂದಲೋ ಎಂದು ಬೇರ್ಪಡಿಸುವ ಶಕ್ತಿ ಆ ವಯಸ್ಸಿನಲ್ಲಿ ಇನ್ನೂ ಬಲಿತಿರುವುದಿಲ್ಲ. ಮೇಲಾಗಿ, ದೊಡ್ಡವರು ಅದೇ ಪ್ರಶ್ನೆಯನ್ನು ಮತ್ತೆ ಕೇಳಿದರೆ ಮೊದಲು ಹೇಳಿದ್ದು ತಪ್ಪಾಗಿತ್ತೇನೋ ಎಂದು ಮಗು ಭಾವಿಸುತ್ತದೆ.

ಕ್ಯಾಲಿಫೋರ್ನಿಯಾದ ಮ್ಯಾಕ್‌ಮಾರ್ಟಿನ್ ಶಿಶುವಿಹಾರದಲ್ಲಿ ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆಯೆಂಬ ಪ್ರಕರಣದಲ್ಲಿ ನೂರಾರು ಮಕ್ಕಳನ್ನು ವಿಚಾರಿಸಲಾಯಿತು. 1983ರಲ್ಲಿ ಶುರುವಾದ ಅದು 1990ರಲ್ಲಿ ಯಾರಿಗೂ ಶಿಕ್ಷೆಯಾಗದೆ ಮುಗಿಯಿತು. ಅಲ್ಲಿ ಬಳಸಿದ ವಿಧಾನಗಳನ್ನು, ಅಂದರೆ ‘ಉಳಿದ ಮಕ್ಕಳೆಲ್ಲ ಆಗಲೇ ಹೇಳಿದ್ದಾರೆ’ ಎನ್ನುವುದು, ಬೇಕಾದ ಉತ್ತರ ಬಂದಾಗ ಹೊಗಳುವುದು ಮುಂತಾದವನ್ನು, 1998ರಲ್ಲಿ ಸಂಶೋಧಕರು 3ರಿಂದ 6 ವರ್ಷದ ಮಕ್ಕಳ ಮೇಲೆ ಪರೀಕ್ಷಿಸಿದರು. ಬರೀ ದಾರಿತಪ್ಪಿಸುವ ಪ್ರಶ್ನೆ ಕೇಳಿದಾಗ ಶೇ 17ರಷ್ಟಿದ್ದ ತಪ್ಪು ಉತ್ತರಗಳು ಈ ಒತ್ತಡ ಸೇರಿದಾಗ ಶೇ 58ಕ್ಕೆ ಏರಿದವು. ಅದಕ್ಕೆ ಐದು ನಿಮಿಷವೂ ಬೇಕಾಗಲಿಲ್ಲ.

ಇದನ್ನೇ ಹಿಡಿದು ಮಕ್ಕಳ ಮಾತು ನಂಬಲರ್ಹವಲ್ಲ ಎನ್ನುವುದು ಘೋರ ಅನ್ಯಾಯ. ‘ಏನಾಯಿತು, ಎಲ್ಲ ಹೇಳು ಪುಟ್ಟ’ ಎಂದು ಕೇಳಿ ಸುಮ್ಮನೆ ಕುಳಿತರೆ ನಾಲ್ಕು ವರ್ಷದ ಮಗು ಕಡಿಮೆ ಹೇಳೀತು, ಆದರೆ ಹೇಳಿದ್ದು ಬಹುಮಟ್ಟಿಗೆ ಸರಿಯಿರುತ್ತದೆ. ಮನೋವಿಜ್ಞಾನಿ ಮೈಕೆಲ್ ಲ್ಯಾಂಬ್ ಮತ್ತು ಸಹೋದ್ಯೋಗಿಗಳು ರೂಪಿಸಿದ, ಹಲವು ದೇಶಗಳಲ್ಲಿ ಬಳಕೆಯಲ್ಲಿರುವ ವಿಚಾರಣಾ ಕ್ರಮ ನಿಂತಿರುವುದು ಇದರ ಮೇಲೆಯೇ.

ನಮ್ಮ ಕಾನೂನು ಬಾಲಸಾಕ್ಷಿಗೆ ಕನಿಷ್ಠ ವಯಸ್ಸನ್ನು ಗೊತ್ತುಮಾಡಿಲ್ಲ. ಪ್ರಶ್ನೆ ಅರ್ಥವಾಗಿ, ವಿವೇಚನೆಯಿಂದ ಉತ್ತರಿಸಬಲ್ಲ ಯಾವ ಮಗುವೂ ಸಾಕ್ಷಿ ಹೇಳಬಹುದು. ಹಿಂದಿನ ಸಾಕ್ಷ್ಯ ಕಾಯ್ದೆಯ 118ನೇ ಕಲಮು ಇಂದು ಭಾರತೀಯ ಸಾಕ್ಷ್ಯ ಅಧಿನಿಯಮದ 124ನೇ ಕಲಮಾಗಿದೆ. ಮಗುವಿಗೆ ಆ ವಿವೇಚನೆಯಿದೆಯೇ ಎಂದು ತಿಳಿಯಲು ನ್ಯಾಯಾಧೀಶರು ಹೆಸರೇನು, ಎಷ್ಟನೇ ಕ್ಲಾಸು, ಸುಳ್ಳು ಹೇಳಬಹುದೇ ಎಂದು ಕೇಳಿ ನೋಡುತ್ತಾರೆ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ ಪೋಕ್ಸೊ ಕಾಯ್ದೆಯ ಪ್ರಕರಣಗಳಲ್ಲಿ ವಕೀಲರ ಪ್ರಶ್ನೆಗಳು ನ್ಯಾಯಾಧೀಶರ ಬಾಯಿಂದಲೇ ಮಗುವಿಗೆ ತಲುಪಬೇಕು. ಇದು ನಿಜಕ್ಕೂ ಒಳ್ಳೆಯ ಏರ್ಪಾಡು. ಆದರೆ ಇಲಿಬೋನಿನ ಹುಡುಗ ಈ ಪರೀಕ್ಷೆಯಲ್ಲೂ ಪಾಸಾಗುತ್ತಿದ್ದ. ಅವನ ನೆನಪು ಕದಡಿದ್ದು ಮೊದಲ ವಾರಗಳಲ್ಲಿ. ನ್ಯಾಯಾಲಯ ಅವನನ್ನು ಕಾಣುವುದು ಎಷ್ಟೋ ತಿಂಗಳ ಮೇಲೆ.

ಠಾಣೆಯ ಹೇಳಿಕೆಯಲ್ಲಿ ಸಾಮಾನ್ಯವಾಗಿ ಮಗುವಿನ ಉತ್ತರಗಳಷ್ಟೇ ಒಂದೇ ಓಘದ ವಾಕ್ಯಗಳಾಗಿ ಉಳಿದು, ಕೇಳಿದ ಪ್ರಶ್ನೆಗಳು ಅಳಿಸಿಹೋಗುತ್ತವೆ. ಸಾಧ್ಯವಿದ್ದಲ್ಲಿ ಹೇಳಿಕೆಯನ್ನು ಧ್ವನಿ-ದೃಶ್ಯ ಮಾಧ್ಯಮದಲ್ಲೂ ದಾಖಲಿಸಬೇಕೆಂದು ಪೋಕ್ಸೊ ಕಾಯ್ದೆಯ 26ನೇ ಕಲಮು ಹೇಳುತ್ತದೆ. ಆ ‘ಸಾಧ್ಯವಿದ್ದಲ್ಲಿ’ ಎಂಬ ಮಾತು ಹೋಗಬೇಕು. ಮೊದಲ ದಿನ ಮಗುವಿನ ಎದುರು ಕುಳಿತವರು ಯಾವ ದನಿಯಲ್ಲಿ, ಎಷ್ಟು ಸಲ, ಏನೆಂದು ಕೇಳಿದರೆಂಬುದು ನ್ಯಾಯಾಧೀಶರ ಕಿವಿಗೂ ಬೀಳಬೇಕು.